ಕಮೋಡ್ ಬುಡದಲ್ಲಿ ನೀರು, ಕೆಳಗಿನ ಮನೆ ಚಾವಣಿಯಲ್ಲಿ ತೇವ: ಬಿಳಿ ಸಿಮೆಂಟ್ ಬಳಿದರೆ ಸಾಕೇ?

ಪ್ರಶ್ನೆ: ಅತ್ತೆಗೆ ಮಂಡಿನೋವು, ಕೆಳಗೆ ಕೂತು ಏಳಲು ಆಗುವುದಿಲ್ಲ. ಹಾಗಾಗಿ ಹೋದ ತಿಂಗಳು ಇಂಡಿಯನ್ ಬೇಸಿನ್ ತೆಗೆಸಿ ಕಮೋಡ್ ಕೂರಿಸಿದೆವು. ಅಕ್ಕಪಕ್ಕದ ಹಳೆ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಹಾಕಿಸಿದೆವು. ವಾರದೊಳಗೆ ಫ್ಲಶ್ ಮಾಡಿದಾಗೆಲ್ಲ ಬುಡದಲ್ಲಿ ನೀರು ಜಿನುಗತೊಡಗಿತು. ಪ್ಲಂಬರ್ ಬಂದು ಸುತ್ತ ಬಿಳಿ ಸಿಮೆಂಟ್ ಮೆತ್ತಿ ಹೋದರು. ಕೆಲವೇ ದಿನಕ್ಕೆ ಅದೂ ಬಿರುಕುಬಿಟ್ಟಿತು. ವಾಸನೆಯಂತೂ ಹೋಗಿಲ್ಲ. ಈಗ ಕೆಳಗಿನ ಮನೆಯವರು ಚಾವಣಿ ತೇವವಾಗಿದೆ ಎನ್ನುತ್ತಿದ್ದಾರೆ. ಕಮೋಡ್ ಎತ್ತಿದರೆ ಒಡೆಯುತ್ತದೆ, ಮೇಲಿನಿಂದಲೇ ಇನ್ನೊಮ್ಮೆ ಸೀಲ್ ಮಾಡೋಣ ಎನ್ನುತ್ತಾರೆ ಪ್ಲಂಬರ್. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಮೇಲಿನಿಂದ ಸೀಲ್ ಮಾಡಲು ದಯವಿಟ್ಟು ಒಪ್ಪಬೇಡಿ. ಸೋರುತ್ತಿರುವುದು ಬುಡದ ಅಂಚಲ್ಲ. ಬಹುತೇಕ, ಕಮೋಡ್‌ನ ಬಾಯಿ ನೆಲದೊಳಗಿನ ಪೈಪಿಗೆ ಸೇರುವ ಜಾಯಿಂಟ್ ಸೋರುತ್ತಿದೆ. ಅಂಚು ಮುಚ್ಚಿದಾಗ ನೀರು ನಿಂತಂತೆ ಕಂಡಿತಷ್ಟೇ. ಹೊರಗೆ ಬರಲು ದಾರಿಯಿಲ್ಲದ ನೀರು ನೆಲದೊಳಕ್ಕೆ ಇಳಿಯಿತು. ನಿಮ್ಮದು ಸಂಕನ್ ಸ್ಲ್ಯಾಬ್ (ಪೈಪ್ ಹಾಯಿಸಲು ಬಚ್ಚಲಿನಲ್ಲಿ ತಗ್ಗಿಸಿ ಹಾಕಿದ ಕಾಂಕ್ರೀಟ್ ನೆಲ) ಆಗಿದ್ದರೆ, ಟೈಲ್ಸ್ ಕೆಳಗೆ ತುಂಬಿರುವ ಇಟ್ಟಿಗೆ ಚೂರು ಅದನ್ನೆಲ್ಲ ಹೀರಿಟ್ಟುಕೊಳ್ಳುತ್ತದೆ. ಕೆಳಗಿನ ಮನೆಯವರಿಗೆ ಕಾಣುತ್ತಿರುವುದು ಆ ಕೊಳೆನೀರು.

ಖಚಿತ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆಯಿದೆ. ಫ್ಲಶ್ ಟ್ಯಾಂಕಿನ ನಲ್ಲಿ ನಿಲ್ಲಿಸಿ, ಬುಡವನ್ನು ಚೆನ್ನಾಗಿ ಒರೆಸಿ, ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಕಮೋಡ್‌ಗೆ ಸುರಿಯಿರಿ. ಸಿಮೆಂಟಿನ ಬಿರುಕಿನಲ್ಲಿ ನೀಲಿ ಕಂಡರೆ ಬಹುತೇಕ ಪೈಪಿನ ಜಾಯಿಂಟೇ ಸೋರುತ್ತಿದೆ. ಬಕೆಟ್ ಸುರಿದಾಗ ಒಣಗಿಯೇ ಇದ್ದು, ಫ್ಲಶ್ ಮಾಡಿದಾಗ ಮಾತ್ರ ಒದ್ದೆಯಾದರೆ ಟ್ಯಾಂಕಿನ ಕಡೆ ನೋಡಿ. ವಾಸನೆಯ ವಿಷಯಕ್ಕೆ ಬಂದರೆ, ನಹನಿ ಟ್ರ್ಯಾಪ್ (ಬಚ್ಚಲ ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಬಾಗು) ಒಣಗಿದ್ದರೂ ನಾರುತ್ತದೆ. ಅದಕ್ಕೆ ಒಂದೆರಡು ಚೊಂಬು ನೀರು ಹಾಕಿಯೂ ವಾಸನೆ ಹೋಗದಿದ್ದರೆ ಅದು ಜಾಯಿಂಟಿನಿಂದ ಬರುತ್ತಿರುವ ಸಾಧ್ಯತೆಯೇ ಹೆಚ್ಚು.

ಬಿಳಿ ಸಿಮೆಂಟ್ ಏಕೆ ನಿಲ್ಲುವುದಿಲ್ಲ? ಪಿವಿಸಿ ಪೈಪ್ ಬಿಸಿಗೆ ಹಿಗ್ಗಿ ತಣ್ಣಗೆ ಕುಗ್ಗುತ್ತದೆ, ಪಿಂಗಾಣಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಜೊತೆಗೆ ಮನುಷ್ಯರು ಕೂತೇಳುವ ಭಾರ. ನಡುವೆ ಸಿಕ್ಕ ಸಿಮೆಂಟ್‌ಗೆ ಬಾಗುವ ಗುಣವಿಲ್ಲ, ಬಿರಿಯುತ್ತದೆ. ಅಲ್ಲಿ ಬೇಕಾದ್ದು ರಬ್ಬರ್.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು ಟೈಲ್ಸ್ ಮೇಲೆ ಟೈಲ್ಸ್ ಹಾಕಿಸಿದ ಮಾತು. ನೆಲ ಮೇಲೆ ಬಂತು, ಪೈಪಿನ ಬಾಯಿ ಹಳೆ ಮಟ್ಟದಲ್ಲೇ ಉಳಿದಿರಬಹುದು. ಆಗ ಕಮೋಡ್‌ನ ಬಾಯಿ ಪೈಪಿನೊಳಗೆ ಸರಿಯಾಗಿ ಇಳಿಯುವುದೇ ಇಲ್ಲ. ಇದಕ್ಕೆ ಪ್ಯಾನ್ ಕನೆಕ್ಟರ್ ಎಂಬ ರಬ್ಬರ್ ಅಂಚಿನ ತುಂಡು ಸಿಗುತ್ತದೆ. 110 ಮಿ.ಮೀ. ಪೈಪಿಗೆ ಹೊಂದುವ, ಬೇಕಾದಷ್ಟು ಉದ್ದದ ಕನೆಕ್ಟರ್ ತರಿಸಿ. ಪೈಪ್ ಸ್ವಲ್ಪ ಪಕ್ಕಕ್ಕಿದ್ದರೆ ಆಫ್‌ಸೆಟ್ (ಎರಡು ಬಾಯಿಗಳೂ ಒಂದೇ ನೇರದಲ್ಲಿಲ್ಲದ) ಕನೆಕ್ಟರ್ ಬೇಕು, ಒತ್ತಿ ಕೂರಿಸುವುದು ಬೇಡ.

ಇನ್ನೊಂದು ಪ್ರಶ್ನೆಯನ್ನು ಪ್ಲಂಬರ್‌ಗೆ ನೇರವಾಗಿ ಕೇಳಿ: ಇಂಡಿಯನ್ ಬೇಸಿನ್ ಕೆಳಗಿದ್ದ ಹಳೆ ಟ್ರ್ಯಾಪ್ ತೆಗೆದಿದ್ದೀರಾ? ಕಮೋಡ್‌ನೊಳಗೇ ಒಂದು ಟ್ರ್ಯಾಪ್ ಇದೆ, ಅದರಲ್ಲಿ ನಿಲ್ಲುವ ನೀರೇ ಗಟಾರದ ಗಾಳಿಯನ್ನು ತಡೆಯುತ್ತದೆ. ಅದರ ಕೆಳಗೆ ಹಳೆಯದೂ ಉಳಿದರೆ ಎರಡರ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗುಳುಗುಳು ಸದ್ದು ಬರುತ್ತದೆ, ನೀರು ನಿಧಾನಕ್ಕೆ ಇಳಿಯುತ್ತದೆ, ಆ ಒತ್ತಡವೆಲ್ಲ ಸಡಿಲ ಜಾಯಿಂಟಿನ ಮೇಲೆ ಬೀಳುತ್ತದೆ. ಹಾಗೆ ಉಳಿದಿದ್ದರೆ ನೆಲ ಅಗೆಯಲೇಬೇಕು. ಖರ್ಚಿನ ಮಾತು ನಿಜ, ಆದರೂ ಈಗ ಬಿಟ್ಟರೆ ಮುಂದೆ ಇದಕ್ಕಿಂತ ಹೆಚ್ಚು ಅಗೆಸಬೇಕಾಗುತ್ತದೆ.

ಕಮೋಡ್ ಎತ್ತಿದರೆ ಒಡೆಯುತ್ತದೆ ಎಂಬ ಭಯ ಪೂರ್ತಿ ಸುಳ್ಳಲ್ಲ. ಸುತ್ತಿಗೆಯಿಂದ ಬಡಿದರೆ ಒಡೆಯುತ್ತದೆ. ನೀರು ಖಾಲಿ ಮಾಡಿ, ಆಕ್ಸೊ ಬ್ಲೇಡಿನಿಂದ ಸಿಮೆಂಟನ್ನು ಸುತ್ತಲೂ ಸೀಳಿ, ಇಬ್ಬರು ಹಿಡಿದು ನೇರವಾಗಿ ಎತ್ತಿದರೆ ಸಾಮಾನ್ಯವಾಗಿ ಹಾಗೇ ಬರುತ್ತದೆ. ಪೈಪಿನ ಬಾಯಿಯನ್ನು ಚೊಕ್ಕ ಮಾಡಿ, ರಬ್ಬರಿಗೆ ಸಾಬೂನು ನೀರು ಸವರಿ ಕೂರಿಸಲಿ. ಗ್ರೀಸ್ ಹಚ್ಚಬಾರದು, ರಬ್ಬರ್ ಉಬ್ಬಿ ಕೆಡುತ್ತದೆ. ಸ್ಕ್ರೂ ಬಿಗಿದ ಮೇಲೆ, ಅಂಚು ಮುಚ್ಚುವ ಮೊದಲು, ನಾಲ್ಕೈದು ಬಕೆಟ್ ಸುರಿದು ಬುಡದ ಸುತ್ತ ಒಣ ಪೇಪರ್ ಒತ್ತಿ ನೋಡಿ. ನೀವೇ ನಿಂತು ನೋಡಿ. ಒಣಗಿದ್ದರೆ ಮಾತ್ರ ಸಿಲಿಕಾನ್ ಹಾಕಿಸಿ. ಹಿಂಬದಿಯಲ್ಲಿ ಎರಡು ಬೆರಳಷ್ಟು ಜಾಗ ಬಿಡಿಸಿ, ಮುಂದೆಂದಾದರೂ ಸೋರಿದರೆ ಅಲ್ಲೇ ಗೊತ್ತಾಗುತ್ತದೆ.

ಹೊರಬಂದಿರುವುದು ಮಲದ ನೀರು. ಗ್ಲೌಸ್ ಹಾಕಿಕೊಂಡು, ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಿಂದ ನೆಲ ತೊಳೆಯಿರಿ. ಅದೇ ಹೊತ್ತಿಗೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸುರಿಯಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಚಿಕ್ಕ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಕೆಳಗಿನ ಚಾವಣಿ ಒಣಗಲು ವಾರಗಳೇ ಬೇಕಾಗಬಹುದು. ಅಲ್ಲಿಯವರೆಗೆ ಬಣ್ಣ ಹೊಡೆಸಬೇಡಿ.

ಇವತ್ತೇ ಮಾಡಬೇಕಾದ್ದು ಒಂದಿದೆ. ಎರಡೂ ಕೈಯಿಂದ ಕಮೋಡ್ ಹಿಡಿದು ಅಲ್ಲಾಡಿಸಿ ನೋಡಿ. ಸಿಮೆಂಟ್ ಬಿರಿದಿರುವುದರಿಂದ ಅದು ಅಲುಗುತ್ತಿರಬಹುದು. ಹಾಗಿದ್ದರೆ ದುರಸ್ತಿಯಾಗಿ, ಸಿಲಿಕಾನ್ ಒಣಗಲು ಬೇಕಾದ 24 ಗಂಟೆಯೂ ಕಳೆಯುವವರೆಗೆ ಅತ್ತೆಯವರನ್ನು ಅದರ ಮೇಲೆ ಕೂರಿಸಬೇಡಿ. ಬೇರೆ ಬಚ್ಚಲಿಲ್ಲದಿದ್ದರೆ ಕಮೋಡ್ ಕುರ್ಚಿ ಬಾಡಿಗೆಗೆ ತಂದುಕೊಳ್ಳಿ.