‘ವಿಗಾರ್’ ಸರಿಯೋ, ‘ವಿಕಾರ್’ ಸರಿಯೋ?

ಪ್ರಶ್ನೆ: ನಮ್ಮ ಮನೆಯ ಹಿರಿಯರೆಲ್ಲ ಇಗರ್ಜಿಯ (ಚರ್ಚಿನ) ದೊಡ್ಡ ಪಾದ್ರಿಗಳನ್ನು ‘ವಿಗಾರ್’ ಅಂತಲೇ ಕರೆಯುವುದು. ಮೊನ್ನೆ ಮಗಳು ಪೇಪರಿನಲ್ಲಿ ‘ವಿಕಾರ್ ಜನರಲ್’ ಎಂದು ಓದಿ, ‘ವಿಕಾರ ಅಂದ್ರೆ ಚೆಂದ ಇಲ್ಲದ್ದು ಅಲ್ವಾ, ಪಾದ್ರಿಗಳಿಗೆ ಯಾಕೆ ಹಾಗೆ ಹೇಳ್ತಾರೆ?’ ಎಂದು ಕೇಳಿದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಈ ಪದ ಎಲ್ಲಿಂದ ಬಂತು? ಮದುವೆ ಕಾಗದದಲ್ಲಿ ಏನೆಂದು ಹಾಕಬೇಕು?
– ಓದುಗರು, ಕಲ್ಯಾಣಪುರ

ಉತ್ತರ: ಮಗಳಿಗೆ ಮೊದಲು ಇಷ್ಟು ಹೇಳಿಬಿಡಿ. ಸಂಸ್ಕೃತದ ‘ವಿಕಾರ’ಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಕಿವಿಗೆ ಒಂದೇ ಥರ ಕೇಳುತ್ತದೆ, ಅಷ್ಟೇ. ಇದರ ಮೂಲ ಲ್ಯಾಟಿನ್‌ನ ‘ವಿಕಾರಿಯುಸ್’. ಇನ್ನೊಬ್ಬರ ಬದಲಿಗೆ ನಿಂತು ಕೆಲಸ ಮಾಡುವವನು ಅಂತ ಅರ್ಥ. ವೈಸ್ ಚಾನ್ಸಲರ್, ವೈಸ್ ಪ್ರೆಸಿಡೆಂಟ್ ಎನ್ನುವಾಗಿನ ‘ವೈಸ್’ ಕೂಡ ಇದೇ ಬೇರಿನದು. ಪದದ ಲೆಕ್ಕದಲ್ಲಿ ನೋಡಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ವೈಸ್ ಚಾನ್ಸಲರಿಗೂ ನಿಮ್ಮ ಊರಿನ ವಿಗಾರರಿಗೂ ನಂಟು ಉಂಟು.

ಇನ್ನು ಹಿರಿಯರ ಬಾಯಿಯ ‘ಗ’. ಅದು ತಪ್ಪು ಉಚ್ಚಾರ ಎಂದು ಜಾಸ್ತಿ ಜನ ತಿಳಿದಿದ್ದಾರೆ. ಖಂಡಿತ ಅಲ್ಲ. ಎರಡು ಸ್ವರಗಳ ನಡುವೆ ಸಿಕ್ಕಿದ ಲ್ಯಾಟಿನ್ ‘ಕ’ ಪೋರ್ಚುಗೀಸಿಗೆ ಬರುವಾಗ ಎಷ್ಟೋ ಕಡೆ ‘ಗ’ ಆಗಿದೆ. ಲ್ಯಾಟಿನ್‌ನಲ್ಲಿ ಗೆಳೆಯ ‘ಅಮಿಕುಸ್’, ಪೋರ್ಚುಗೀಸಿನಲ್ಲಿ ‘ಅಮಿಗೊ’. ಅಲ್ಲಿ ಸರೋವರ ‘ಲಾಕುಸ್’, ಇಲ್ಲಿ ‘ಲಾಗೊ’. ಹಾಗೆಯೇ ‘ವಿಕಾರಿಯುಸ್’ ‘ವಿಗಾರಿಯೊ’ ಆಯಿತು, ಕೊಂಕಣಿಯಲ್ಲಿ ಬಾಲ ಉದುರಿ ‘ವಿಗಾರ್’ ಆಯಿತು. ಇಗರ್ಜ್, ಬಿಸ್ಪ್ (ಬಿಷಪ್), ಪಾದ್ರಿ ಎಲ್ಲ ಬಂದದ್ದು ಇದೇ ದಾರಿಯಲ್ಲಿ. ಒಂದು ಇಗರ್ಜಿಗೆ ಸೇರಿದ ಮನೆಗಳಿಗೆಲ್ಲ ಒಟ್ಟಾಗಿ ಹೇಳುವ ‘ಫಿರ್ಗಜ್’ ಕೂಡ. ಅದರ ಮೂಲ ಹುಡುಕಿಕೊಂಡು ಹೋದರೆ ಲ್ಯಾಟಿನ್‌ನಲ್ಲಿ ‘ಇಗರ್ಜಿಯ ಮಗ’ ಎಂಬ ಮಾತು ಸಿಗುತ್ತದೆ. ನನಗೆ ಬಹಳ ಇಷ್ಟವಾದ ಪದ ಅದು. ‘ವಿಕಾರ್’ ಇಂಗ್ಲಿಷಿನ ದಾರಿಯಲ್ಲಿ ಬಂದದ್ದು. ನಮ್ಮ ಕರಾವಳಿಯ ಮಟ್ಟಿಗೆ ನಿಮ್ಮ ಹಿರಿಯರ ‘ವಿಗಾರ್’ ಹೆಚ್ಚು ಹಳೆಯದು.

ಶುರುವಿಗೆ ಇದು ಇಗರ್ಜಿಯ ಪದವೇ ಆಗಿರಲಿಲ್ಲ. ಹಳೆಯ ರೋಮಿನಲ್ಲಿ ಒಬ್ಬ ಗುಲಾಮನ ಕೈಕೆಳಗಿನ ಇನ್ನೊಬ್ಬ ಗುಲಾಮನಿಗೂ ಇದೇ ಹೆಸರಿತ್ತು. ಮುಂದೆ ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದ ಸುಧಾರಣೆಯಲ್ಲಿ ಸಾಮ್ರಾಜ್ಯವನ್ನು ‘ಡಯಾಸಿಸ್’ ಎಂಬ ದೊಡ್ಡ ವಿಭಾಗಗಳಾಗಿ ಒಡೆದರು. ಅವುಗಳ ಮೇಲೆ ಕೂತ ಅಧಿಕಾರಿಗೂ ಇದೇ ಹೆಸರು ಬಂತು. ಇಗರ್ಜಿ ಈ ಎರಡೂ ಪದಗಳನ್ನು ತನ್ನದಾಗಿಸಿಕೊಂಡಿತು. ಮೂರನೇ ಇನ್ನೊಸೆಂಟ್ ಪೋಪ್ ಆಗಿದ್ದಾಗ (1198–1216) ‘ಕ್ರಿಸ್ತರ ವಿಕಾರ್’ ಎಂಬ ಬಿರುದು ಪೋಪರಿಗೆ ಗಟ್ಟಿಯಾಗಿ ಅಂಟಿಕೊಂಡಿತು. ನಮ್ಮ ಮಂಗಳೂರು ಕೂಡ 1886ರಲ್ಲಿ ಧರ್ಮಪ್ರಾಂತ್ಯ (ಬಿಷಪರ ಆಡಳಿತದ ‘ಡಯಾಸಿಸ್’) ಆಗುವ ಮೊದಲು ‘ವಿಕಾರಿಯೇಟ್’ ಆಗಿತ್ತು. ಅಂದರೆ ಪೋಪರ ಬದಲಿಗೆ ಒಬ್ಬರು ಇಲ್ಲಿ ಕೂತು ನೋಡಿಕೊಳ್ಳುತ್ತಿದ್ದರು.

ಹೀಗೆ ಪೋಪರಿಂದ ಹಿಡಿದು ಊರಿನ ಪಾದ್ರಿಗಳವರೆಗೆ ಒಂದೇ ಪದ. ನಡುವೆ ಬಿಷಪರ ಪರವಾಗಿ ಆಡಳಿತ ನೋಡುವ ‘ವಿಗಾರ್ ಜೆರಾಲ್’ ಇದ್ದಾರೆ. ಮಗಳು ಓದಿದ ವಿಕಾರ್ ಜನರಲ್ ಇವರೇ. ಹುದ್ದೆ ಎಷ್ಟೇ ದೊಡ್ಡದಿರಲಿ, ‘ನಾನು ಯಜಮಾನ ಅಲ್ಲ, ಯಜಮಾನರ ಜಾಗದಲ್ಲಿ ಇದ್ದೇನೆ’ ಎಂಬ ಮಾತು ಆ ಹೆಸರಿನೊಳಗೇ ಕೂತಿದೆ. ಇಗರ್ಜಿಯ ಆಫೀಸಿನಲ್ಲಿ ಹಿಂದಿನ ವಿಗಾರರ ಹೆಸರಿನ ಬೋರ್ಡ್ ಇದ್ದರೆ ಒಮ್ಮೆ ನಿಂತು ನೋಡಿ. ಪ್ರತಿ ಹೆಸರಿನ ಎದುರು ಎರಡು ಇಸವಿ, ಬಂದದ್ದು ಮತ್ತು ಹೋದದ್ದು. ಕೊನೆಯ ಹೆಸರಿನ ಎದುರು ಮಾತ್ರ ಒಂದೇ ಇಸವಿ, ಮುಂದಿನ ಜಾಗ ಖಾಲಿ. ಪದದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಯಾವ ನಿಘಂಟೂ ಹೇಳಿಲ್ಲ.

ಪ್ರೊಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಈ ಪದ ಅಷ್ಟಾಗಿ ಕೇಳಿಸುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯವರು ‘ಸಭಾಪಾಲಕರು’ ಎನ್ನುತ್ತಾರೆ.

ಎಲ್ಲ ಪದಗಳೂ ಹಡಗಿನಲ್ಲೇ ಬಂದವು ಎಂದುಕೊಳ್ಳಬೇಡಿ. ಫಿರ್ಗಜಿನ ಒಂದೊಂದು ವಾಡೊಗೆ (ವಾರ್ಡಿಗೆ) ಒಬ್ಬರಂತೆ ಇರುವ ಮುಖಂಡ ‘ಗುರ್ಕಾರ್’ ನಮ್ಮ ನೆಲದವರು. ಮೊಗವೀರರಲ್ಲಿ ಈಗಲೂ ಇರುವ ‘ಗುರಿಕಾರ’ ಎಂಬ ಹೆಸರೇ ಅದು.

ಈಗ ಮದುವೆ ಕಾಗದದ ವಿಷಯ. ಕೊಂಕಣಿಯಲ್ಲಿ ಹಾಕಿಸುವುದಾದರೆ ‘ಫಿರ್ಗಜ್ ವಿಗಾರ್’ ಎಂದೇ ಹಾಕಿಸಿ, ಹಿಂಜರಿಯಬೇಡಿ. ಕನ್ನಡದಲ್ಲಾದರೆ ‘ಪ್ರಧಾನ ಧರ್ಮಗುರುಗಳು’ ಸಾಕು. ಇಂಗ್ಲಿಷಿನ ಕಾಗದಕ್ಕೆ ಮಾತ್ರ ‘ಪ್ಯಾರಿಷ್ ಪ್ರೀಸ್ಟ್’ ಆರಿಸಿಕೊಳ್ಳಿ. ಕಾರಣ, 1983ರ ಕೆಥೋಲಿಕ್ ಧರ್ಮಸಂಹಿತೆಯಲ್ಲಿ ‘ಪರೋಕಿಯಲ್ ವಿಕಾರ್’ ಅಂದರೆ ಸಹಾಯಕ ಪಾದ್ರಿ. ಸುಮ್ನೆ ‘ವಿಕಾರ್’ ಎಂದು ಹಾಕಿಸಿದರೆ ಹೊರಗಿನಿಂದ ಬಂದ ನೆಂಟರು ಯಾರೋ ಚಿಕ್ಕ ಪಾದ್ರಿಗಳೆಂದು ತಿಳಿದಾರು.