ಓದುಗರ ಪ್ರಶ್ನೆ, ನಮ್ಮ ಉತ್ತರ: ಅಂಗಡಿಯ ಅಂಗಳಕ್ಕೆ ಉಪ್ಪು

ಪ್ರಶ್ನೆ: ನನ್ನ ಮಗ ಮತ್ತು ಸೊಸೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಒಂದು ಚಿಕ್ಕ ಹೋಟೆಲನ್ನು ಕೊಂಡಿದ್ದಾರೆ. ಮುಂದೆ ವಾಹನ ನಿಲ್ಲಿಸುವ ಕಲ್ಲುಹಾಸಿನ ಅಂಗಳವಿದೆ, ಹಿಂದೆ ಅಡುಗೆಮನೆಗೆ ಇಳಿಯುವ ಮೆಟ್ಟಿಲುಗಳಿವೆ. ಚಳಿಗಾಲಕ್ಕೆ ಮೊದಲೇ ಉಪ್ಪಿನ ಮೂಟೆಗಳನ್ನು ತಂದಿಟ್ಟುಕೊಳ್ಳಿ ಎಂದು ಅಲ್ಲಿಯವರು ಹೇಳುತ್ತಾರಂತೆ. ಎಷ್ಟು ಬೇಕು, ಯಾವಾಗ ಹಾಕಬೇಕು? ಇಲ್ಲಿಂದ ಸೈಂಧವ ಲವಣವನ್ನು ಕಳುಹಿಸಿದರೆ ಆದೀತೇ? ಗಿರಾಕಿಗಳು ಯಾರಾದರೂ ಜಾರಿ ಬಿದ್ದರೆ ಇವರ ಮೇಲೆ ಬರುತ್ತದೆಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಉಪ್ಪನ್ನು ಹಿಮ ಕಟ್ಟಿದ ಮೇಲೆ ಹಾಕುವ ಔಷಧಿ ಎಂದು ತಿಳಿದವರೇ ಹೆಚ್ಚು. ಅದರ ನಿಜವಾದ ಉಪಯೋಗ ಹಿಮ ಕಟ್ಟುವುದಕ್ಕೆ ಮೊದಲು. ಶುದ್ಧ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಅದರಲ್ಲಿ ಉಪ್ಪು ಕರಗಿದ್ದರೆ ಇನ್ನೂ ಕೆಳಗಿನ ಉಷ್ಣತೆಯವರೆಗೆ ದ್ರವವಾಗಿಯೇ ಉಳಿಯುತ್ತದೆ. ಆದ್ದರಿಂದ ಸಂಜೆಯೇ ನೆಲದ ಮೇಲೆ ತೆಳುವಾಗಿ ಉಪ್ಪು ಬಿದ್ದಿದ್ದರೆ, ರಾತ್ರಿ ಇಳಿಯುವ ತೇವ ಅದನ್ನು ಕರಗಿಸಿಕೊಂಡು ನೆಲಕ್ಕೂ ಹಿಮಕ್ಕೂ ನಡುವೆ ಉಪ್ಪುನೀರಿನ ಪದರವೊಂದನ್ನು ಉಳಿಸುತ್ತದೆ, ಹಿಮ ನೆಲವನ್ನು ಕಚ್ಚಿಕೊಳ್ಳುವುದಿಲ್ಲ. ಬೆಳಗ್ಗೆ ಗಾಜಿನಂತೆ ಗಟ್ಟಿಯಾದ ಪದರದ ಮೇಲೆ ಹಾಕಿದರೆ ಅದೇ ಕೆಲಸಕ್ಕೆ ಹಲವು ಪಟ್ಟು ಉಪ್ಪು ಬೇಕಾಗುತ್ತದೆ, ಕಾಯಬೇಕಾಗಿಯೂ ಬರುತ್ತದೆ, ಅಷ್ಟರಲ್ಲಿ ಮೊದಲ ಗಿರಾಕಿ ಬಂದಿರುತ್ತಾನೆ.

ಹವಾಮಾನ ವರದಿಯಲ್ಲಿ 2 ಅಥವಾ 3 ಡಿಗ್ರಿ ಎಂದಿದ್ದರೂ ನಿಶ್ಚಿಂತರಾಗಬಾರದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುವುದರಿಂದ, ಗಾಳಿ ಸೊನ್ನೆಯ ಮೇಲಿರುವಾಗಲೇ ಕಲ್ಲುಹಾಸು ಸೊನ್ನೆಯ ಕೆಳಗೆ ಇಳಿದಿರಬಹುದು. ಮಳೆ ಬರುತ್ತಿರುವಾಗ ಹಾಕಿದ ಉಪ್ಪು ಚರಂಡಿಗೆ ಹೋಗುತ್ತದೆ. ಮಳೆ ನಿಂತ ಮೇಲೆ, ನೆಲ ಹೆಪ್ಪುಗಟ್ಟುವ ಮುನ್ನ ಸಿಗುವ ಆ ಸ್ವಲ್ಪ ಹೊತ್ತನ್ನು ಹಿಡಿಯಬೇಕು. ಆಗಲೇ ಹಿಮ ಬಿದ್ದಿದ್ದರೆ ಮೊದಲು ಸಲಿಕೆಯಿಂದ ತೆಗೆದು, ಅನಂತರ ಬರಿಯ ನೆಲಕ್ಕೆ ಉಪ್ಪು ಹಾಕಬೇಕು. ಜನ ತುಳಿದು ಗಟ್ಟಿಯಾಗುವ ಮುಂಚೆ ತೆಗೆದರೆ ಶ್ರಮ ಅರ್ಧವಾಗುತ್ತದೆ. ಬಿಸಿನೀರು ಸುರಿಯುವುದು ಬೇಡ. ಅದು ಹಿಮವನ್ನು ಕರಗಿಸಿ, ತಾನೂ ತಣ್ಣಗಾಗಿ, ಕಣ್ಣಿಗೆ ಕಾಣದ ಇನ್ನೊಂದು ಪದರವಾಗಿ ಹೆಪ್ಪುಗಟ್ಟುತ್ತದೆ.

ಪ್ರಮಾಣದ ವಿಷಯಕ್ಕೆ ಬಂದರೆ, ಪ್ರತಿ ಚದರ ಮೀಟರಿಗೆ ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಸಾಕು. ಅದನ್ನು 20 ಗ್ರಾಂ ಎಂದೇ ಹಿಡಿಯೋಣ. ಅಂಗಳ, ಮೆಟ್ಟಿಲು, ಹಾದಿ ಎಲ್ಲ ಸೇರಿ 120 ಚದರ ಮೀಟರ್ ಇದ್ದರೆ ಒಂದು ಸಲಕ್ಕೆ 2.4 ಕಿಲೋ ಆಯಿತು. 25 ಕಿಲೋದ ಒಂದು ಮೂಟೆ ಹತ್ತು ರಾತ್ರಿಗೆ ಬರುತ್ತದೆ. ಹಿಮ ಬೀಳುವ ಸೂಚನೆಯಿದ್ದಾಗ ಇಮ್ಮಡಿ ಬೇಕಾಗಬಹುದು. ಹತ್ತು ಮೂಟೆಗಳನ್ನು ಅಕ್ಟೋಬರ್‌ನಲ್ಲಿಯೇ ತಂದಿಟ್ಟರೆ ಚಿಕ್ಕ ಹೋಟೆಲಿಗೆ ಧಾರಾಳವಾಯಿತು. ಮೊದಲ ಹಿಮದ ಎಚ್ಚರಿಕೆ ಬಂದ ದಿನ ಎಲ್ಲರೂ ಒಟ್ಟಿಗೆ ಅಂಗಡಿಗೆ ಹೋಗುತ್ತಾರೆ. ನಮ್ಮ ಹೊಲದಲ್ಲಿ ರಾಗಿ ಎರಚುವ ಕೈಯಲ್ಲಿ ಎರಚಬೇಕೆಂದು ಮಗನಿಗೆ ಹೇಳಿ, ಮಂಡ್ಯದವನಿಗೆ ಅರ್ಥವಾದೀತು. ಗುಡ್ಡೆ ಹಾಕಿದ ಉಪ್ಪು ಹಣದ ವ್ಯಯ ಮಾತ್ರವಲ್ಲ, ಹರಳುಗಳೇ ಕಾಲ ಕೆಳಗೆ ಉರುಳುತ್ತವೆ. ಇನ್ನೊಂದು ಮಾತು: ರಸ್ತೆಯಲ್ಲಿ ವಾಹನಗಳ ಚಕ್ರಗಳು ಉಪ್ಪನ್ನು ಅರೆದು ಹರಡುತ್ತವೆ, ಆದರೆ ಮೆಟ್ಟಿಲ ಮೇಲೆ ಆ ಸಹಾಯವಿಲ್ಲ, ಅಲ್ಲಿ ಮೂಲೆಗಳನ್ನೂ ಅಂಚುಗಳನ್ನೂ ನೋಡಿಕೊಂಡು ಕೈಯಿಂದಲೇ ಹಾಕಬೇಕು.

ಸೈಂಧವ ಲವಣವನ್ನು ಕಳುಹಿಸುವ ತೊಂದರೆ ತೆಗೆದುಕೊಳ್ಳಬೇಡಿ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಕೆಲಸವನ್ನೇನೋ ಮಾಡುತ್ತದೆ, ಆದರೆ ಸಾಗಣೆಯ ಖರ್ಚಿಗೆ ಅರ್ಥವಿಲ್ಲ. ನಿಮ್ಮ ಮಗನಿರುವ ಊರಿಗೆ ಹತ್ತಿರದಲ್ಲೇ, ಚೆಷೈರ್ ಪ್ರಾಂತದ ವಿನ್ಸ್‌ಫರ್ಡ್‌ನಲ್ಲಿ, ನೆಲದಾಳದ ಉಪ್ಪಿನ ಗಣಿಯಿದೆ. 1844ರಲ್ಲಿ ಕಲ್ಲಿದ್ದಲನ್ನು ಹುಡುಕಿ ಕೊರೆದವರಿಗೆ ಅಲ್ಲಿ ಉಪ್ಪು ಸಿಕ್ಕಿತು. ಸುಮಾರು 22 ಕೋಟಿ ವರ್ಷಗಳ ಹಿಂದೆ ಆವಿಯಾದ ಸಮುದ್ರದ ಉಳಿಕೆ ಅದು. ಆ ದೇಶದ ರಸ್ತೆಗಳಿಗೆ ಬೀಳುವ ಕಂದು ಉಪ್ಪಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಕಂದು ಬಣ್ಣ ಅದರಲ್ಲಿ ಬೆರೆತ ಜೇಡಿಯಿಂದ ಬಂದದ್ದು, ಎಲ್ಲಿ ಹಾಕಿದ್ದೇವೆ ಎಂಬುದು ಕಾಣುವುದಕ್ಕೂ ಅನುಕೂಲ. ಮೂಟೆ ಮುಗಿದ ದಿನ ಅಡುಗೆಯ ಪುಡಿ ಉಪ್ಪನ್ನು ಹಾಕಿದರೂ ನಡೆಯುತ್ತದೆ. ರಸ್ತೆಬದಿಯ ಸಾರ್ವಜನಿಕ ಪೆಟ್ಟಿಗೆಗಳಲ್ಲಿರುವ ಉಪ್ಪನ್ನು ಮಾತ್ರ ಹೋಟೆಲಿನ ಅಂಗಳಕ್ಕೆ ತರಬಾರದು. ಅದು ಸಾರ್ವಜನಿಕ ರಸ್ತೆಗೆ ಮೀಸಲು.

ಕಾನೂನಿನ ಭಯವನ್ನು ಅಳತೆಯಲ್ಲಿಡಿ. 1957ರ ಸ್ಥಳಸ್ವಾಮಿಗಳ ಹೊಣೆಗಾರಿಕೆಯ ಕಾಯ್ದೆಯ ಪ್ರಕಾರ, ತನ್ನ ಜಾಗಕ್ಕೆ ಬರುವವರ ಸುರಕ್ಷತೆಗೆ ಮಾಲೀಕನು ಆ ಸಂದರ್ಭಕ್ಕೆ ತಕ್ಕ, ನ್ಯಾಯಸಮ್ಮತವಾದ ಎಚ್ಚರಿಕೆಯನ್ನು ವಹಿಸಬೇಕು. ಯಾರೂ ಎಂದೂ ಜಾರದಂತೆ ನೋಡಿಕೊಳ್ಳಬೇಕೆಂದು ಅದು ಕೇಳುವುದಿಲ್ಲ. ಕೆಲಸಗಾರರಿದ್ದರೆ 1974ರ ಕಾರ್ಯಸ್ಥಳ ಸುರಕ್ಷತಾ ಕಾಯ್ದೆಯೂ ಅನ್ವಯಿಸುತ್ತದೆ. ಹಿಮ ತೆಗೆದರೆ ಹೊಣೆ ತಲೆಗೆ ಬರುತ್ತದೆ, ಬಿಟ್ಟರೆ ಬರುವುದಿಲ್ಲ ಎಂಬ ಮಾತು ಅಲ್ಲಿಯೂ ಹರಿದಾಡುತ್ತದೆ, ಅದನ್ನು ನಂಬಬೇಡಿ. ಯಾವ ಸಂಜೆ, ಎಷ್ಟು ಹೊತ್ತಿಗೆ, ಯಾರು ಉಪ್ಪು ಹಾಕಿದರು ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದು ಮುಂದೆ ವಿಮೆಯವರ ಎದುರಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಅಂಗಳವನ್ನು ಈಗಲೇ ಒಂದು ಮಳೆಯ ದಿನ ನೋಡಿಕೊಳ್ಳುವುದು ಉಪ್ಪಿಗಿಂತಲೂ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಸೂರಿನ ಮಳೆನೀರಿನ ದೋಣಿ ಸೋರಿ ಮೆಟ್ಟಿಲ ಮೇಲೆ ನೀರು ಬೀಳುತ್ತಿದೆಯೇ, ಪಾತ್ರೆ ತೊಳೆದ ನೀರು ಹಿಂಬಾಗಿಲಲ್ಲಿ ಹರಿಯುತ್ತಿದೆಯೇ, ಹಾಸುಗಲ್ಲು ಕುಸಿದು ಗುಂಡಿಯಾಗಿದೆಯೇ? ನೀರು ನಿಲ್ಲದ ಕಡೆ ಹಿಮ ದಪ್ಪವಾಗಿ ಕಟ್ಟುವುದಿಲ್ಲ. ಮೂಟೆಗಳನ್ನು ಮರದ ಹಲಗೆಯ ಮೇಲಿಟ್ಟು ಮುಚ್ಚಿಡಿ, ತೇವ ತಗುಲಿದರೆ ಕಲ್ಲಾಗುತ್ತವೆ. ಬಾಗಿಲ ಒಳಗೆ ದಪ್ಪ ಕಾಲೊರಸು ಇರಲಿ. ಹುಲ್ಲು ಮತ್ತು ಗಿಡಗಳ ಬುಡಕ್ಕೆ, ಹೊಸದಾಗಿ ಹಾಕಿದ ಕಾಂಕ್ರೀಟಿಗೆ ಉಪ್ಪು ಬೇಡ.

ಪ್ರಶ್ನೆ: ಕೆನಡಾದ ವಿನಿಪೆಗ್‌ನಲ್ಲಿರುವ ನನ್ನ ತಮ್ಮನ ಅಂಗಡಿಯ ಮುಂದೆ ತೀವ್ರ ಚಳಿಯಲ್ಲಿ ಉಪ್ಪಿನ ಬದಲು ಮರಳು ಹಾಕುತ್ತಾರಂತೆ. ಉಪ್ಪು ಅಲ್ಲೇಕೆ ಕೆಲಸ ಮಾಡುವುದಿಲ್ಲ?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ ಒಂದು ಕಿಲೋ ಉಪ್ಪು ಸುಮಾರು 46 ಕಿಲೋ ಹಿಮವನ್ನು ಕರಗಿಸಬಲ್ಲದು, ಮೈನಸ್ 7ರ ಹೊತ್ತಿಗೆ ಅದು ಸುಮಾರು 8.6 ಕಿಲೋಗೆ ಇಳಿಯುತ್ತದೆ, ಅದೂ ನಿಧಾನವಾಗಿ. ತೂಕದಲ್ಲಿ ಶೇಕಡಾ 23ರಷ್ಟು ಉಪ್ಪಿರುವ ನೀರು ಮೈನಸ್ 21 ಡಿಗ್ರಿಯಲ್ಲಿ ಪೂರ್ತಿ ಹೆಪ್ಪುಗಟ್ಟುತ್ತದೆ. ಎಷ್ಟು ಉಪ್ಪು ಸುರಿದರೂ ಅದಕ್ಕಿಂತ ಕೆಳಗೆ ಫಲವಿಲ್ಲ. ವಿನಿಪೆಗ್‌ನ ಜನವರಿ ರಾತ್ರಿಗಳು ಅದಕ್ಕಿಂತಲೂ ತಣ್ಣಗಿರುವುದು ಸಾಮಾನ್ಯ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಕೆಳಗಿನ ಉಷ್ಣತೆಯಲ್ಲಿಯೂ ಕೆಲಸ ಮಾಡುತ್ತದೆ, ಕರಗುವಾಗ ಶಾಖವನ್ನೂ ಬಿಡುತ್ತದೆ, ಆದರೆ ಬೆಲೆ ಹೆಚ್ಚು. ಮರಳು ಏನನ್ನೂ ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ, ಅಷ್ಟೇ. ಆ ಚಳಿಯಲ್ಲಿ ಅದು ಸರಿಯಾದ ಆಯ್ಕೆ.

ಪ್ರಶ್ನೆ: ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಶೀತಲಗೃಹವಿದೆ. ಮೈನಸ್ 18 ಡಿಗ್ರಿಯ ಕೊಠಡಿಯ ಬಾಗಿಲಲ್ಲಿ ನೆಲದ ಮೇಲೆ ಹಿಮ ಕಟ್ಟಿ ಕೆಲಸಗಾರರು ಜಾರುತ್ತಾರೆ. ಉಪ್ಪು ಹಾಕಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. ಆ ಉಷ್ಣತೆಯಲ್ಲಿ ಅದು ಬಹಳ ನಿಧಾನ, ಬಾಗಿಲಿನ ಕಬ್ಬಿಣವನ್ನೂ ಕೈಗಾಡಿಯ ಚಕ್ರಗಳನ್ನೂ ತಿನ್ನುತ್ತದೆ, ಆಹಾರ ಪದಾರ್ಥಗಳ ಪೆಟ್ಟಿಗೆಗಳಿಗೂ ಅಂಟುತ್ತದೆ. ಬಾಗಿಲು ತೆರೆದಾಗಲೆಲ್ಲ ನುಗ್ಗುವ ಹೊರಗಿನ ತೇವಭರಿತ ಗಾಳಿಯೇ ಆ ಹಿಮದ ಮೂಲ, ಮಳೆಗಾಲದಲ್ಲಿ ಅದು ಇನ್ನೂ ಹೆಚ್ಚಾಗುತ್ತದೆ. ಬಾಗಿಲಿನ ರಬ್ಬರ್ ಅಂಚು ಸವೆದಿದ್ದರೆ ಬದಲಿಸಿ, ಹರಿದ ಪ್ಲಾಸ್ಟಿಕ್ ಪಟ್ಟಿ ಪರದೆಗಳನ್ನು ಹೊಸದಾಗಿ ಹಾಕಿಸಿ, ಹೊಸ್ತಿಲಿನ ಕೆಳಗೆ ಶಾಖದ ತಂತಿಯಿದ್ದರೆ ಅದು ಕೆಲಸ ಮಾಡುತ್ತಿದೆಯೇ ಎಂದು ವಿದ್ಯುತ್ ತಂತ್ರಜ್ಞರಿಂದ ನೋಡಿಸಿ. ಈಗ ಕಟ್ಟಿರುವ ಹಿಮವನ್ನು ದಿನಕ್ಕೊಮ್ಮೆ ಕೆರೆದು ಹೊರಗೆ ಹಾಕಿಸಿ. ಕೊಠಡಿಯೊಳಗೆ ನೀರು ಸುರಿದು ತೊಳೆಯುವ ಅಭ್ಯಾಸವಿದ್ದರೆ ನಿಲ್ಲಿಸಿ.