ಆಷಾಢದಲ್ಲಿ ಆರುವ ಸೋಲಾರ್ ದೀಪ

ಪ್ರಶ್ನೆ: ಜೋಯಿಡಾ ಕಡೆಯ ಕಾಡಿನಲ್ಲಿ ನಮ್ಮದು ಒಂಟಿಮನೆ. ಕರೆಂಟ್ ಕಂಬ ಇಲ್ಲಿಯವರೆಗೆ ಬಂದಿಲ್ಲ. 75 ವಾಟ್ ಪ್ಯಾನೆಲ್, 12 ವೋಲ್ಟಿನ 40 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಇದೆ. 5 ವಾಟಿನ ನಾಲ್ಕು ಎಲ್‌ಇಡಿ ಬಲ್ಬು, ಎರಡು ಮೊಬೈಲಿಗೆ ಬಳಕೆ. ಬೇಸಿಗೆಯಲ್ಲಿ ತೊಂದರೆಯಿಲ್ಲ. ಆಷಾಢ ಹಿಡಿದರೆ ರಾತ್ರಿ ಎಂಟಕ್ಕೇ ದೀಪ ಆರುತ್ತದೆ. ದೊಡ್ಡ ಬ್ಯಾಟರಿ ಹಾಕಿಸಲೇ?

ಉತ್ತರ: ಬೇಡ. ನಿಮ್ಮಲ್ಲಿ ಸಾಲದಿರುವುದು ಪ್ಯಾನೆಲ್.

ನಾಲ್ಕೂ ಬಲ್ಬು ಐದು ತಾಸು ಉರಿದರೆ 100 ವಾಟ್-ಅವರ್ (ವಾಟನ್ನು ತಾಸಿನಿಂದ ಗುಣಿಸಿದ ಲೆಕ್ಕ), ಮೊಬೈಲಿಗೆ 20, ದಿನಕ್ಕೆ 120. ಬೇಸಿಗೆಯಲ್ಲಿ ನಾಲ್ಕೂವರೆ ತಾಸಿನ ಪೂರ್ಣ ಬಿಸಿಲೆಂದರೆ ನಷ್ಟ ಕಳೆದು 230ರಷ್ಟು ಸಿಗುತ್ತದೆ. ಜಡಿಮಳೆಯಲ್ಲಿ ಒಂದೂವರೆ ತಾಸಿನ ಬಿಸಿಲಿಗೆ ಸಮನಾದ ಬೆಳಕು ಬಿದ್ದರೆ ಬರುವುದು 80ರ ಆಸುಪಾಸು. ದಿನವೂ 40 ಸಾಲ! ಬ್ಯಾಟರಿಯಲ್ಲಿರುವುದು 12 ವೋಲ್ಟ್ × 40 ಎಎಚ್, ಅಂದರೆ 480, ಅರ್ಧಕ್ಕಿಂತ ಕೆಳಗಿಳಿಸಬಾರದು. ಆರು ದಿನಕ್ಕೆ ಗಂಟು ಕರಗಿತು. ದೊಡ್ಡ ಬ್ಯಾಟರಿ ತಂದರೆ ಇದೇ ಪಾಡು ಒಂದು ವಾರ ತಡವಾಗಿ ಬರುತ್ತದೆ, ಅಷ್ಟೇ. ಮೇಲಾಗಿ ಅರೆಹೊಟ್ಟೆಯಲ್ಲೇ ತಿಂಗಳುಗಟ್ಟಲೆ ನಿಂತರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಬಿಸಿಲು ಬಂದರೂ ಚಾರ್ಜ್ ಹಿಡಿಯುವುದಿಲ್ಲ.

ಅದೇ ಅಳತೆಯ ಇನ್ನೊಂದು ಪ್ಯಾನೆಲ್ ತಂದು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ. ಎರಡೂ ಸೇರಿ ಎಂಟೂವರೆ ಆಂಪಿಯರ್ ಆದೀತು. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ 6 ಆಂಪಿಯರಿನದಾದರೆ 10ರದ್ದಕ್ಕೆ ಬದಲಿಸಿ.

ಖರ್ಚಿಗೆ ಮೊದಲು ನೆರಳು ನೋಡಿ. ಪ್ಯಾನೆಲ್ಲಿನ 36 ಸೆಲ್‌ಗಳು ಸರಪಳಿಯಂತೆ ಜೋಡಿಸಿದವು. ಅಡಿಕೆ ಸೋಗೆಯ ನೆರಳು ಒಂದು ಸೆಲ್ಲನ್ನು ಮುಚ್ಚಿದರೂ ಅರ್ಧ ಪ್ಯಾನೆಲ್ ಮಲಗಿಬಿಡಬಹುದು. ಕೆಳ ಅಂಚಿನ ಪಾಚಿಯನ್ನು ಮೇ ತಿಂಗಳಲ್ಲೇ ಒದ್ದೆ ಬಟ್ಟೆಯಿಂದ ಒರೆಸಿ. ಹಂಚು ಜಾರುವ ಕಾಲದಲ್ಲಿ ಮಾಡು ಹತ್ತುವ ಸಾಹಸ ಬೇಡ.

ಬ್ಯಾಟರಿ ಪೂರ್ತಿ ಚಾರ್ಜ್ ಆದ ದಿನ ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಬ್ಯಾಟರಿಯ ಆರೂ ಸೆಲ್ ಅಳೆಯಿರಿ. ಎಲ್ಲ 1240ರ ಹತ್ತಿರವಿದ್ದರೆ ಆರೋಗ್ಯವಾಗಿದೆ. ಒಂದೇ ಒಂದು 1190ಕ್ಕೆ ಇಳಿದಿದ್ದರೆ ಆ ಸೆಲ್ ಕೈಕೊಟ್ಟಿದೆ, ಆಗ ಹೊಸ ಬ್ಯಾಟರಿಯ ಮಾತು. ನೀರು ಇಳಿದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಬಾವಿ ನೀರೂ ಬೇಡ, ಆ್ಯಸಿಡ್ಡೂ ಬೇಡ.

ಪ್ರಶ್ನೆ: ಇದೇ ಬ್ಯಾಟರಿಗೆ ಇನ್ವರ್ಟರ್ ಹಾಕಿ ಮಿಕ್ಸಿ ಓಡಿಸಬಹುದೇ?

ಉತ್ತರ: 500 ವಾಟಿನ ಮಿಕ್ಸಿ 12 ವೋಲ್ಟಿನ ಬ್ಯಾಟರಿಯಿಂದ ಇನ್ವರ್ಟರಿನ ನಷ್ಟವೂ ಸೇರಿ 50 ಆಂಪಿಯರಿನಷ್ಟು ಎಳೆಯುತ್ತದೆ. 40 ಎಎಚ್ ಬ್ಯಾಟರಿಯ ವೋಲ್ಟೇಜ್ ಆ ಎಳೆತಕ್ಕೇ ಕುಸಿದು, ಚಟ್ನಿ ನುಣ್ಣಗಾಗುವ ಮೊದಲೇ ಇನ್ವರ್ಟರ್ ಕೂಗಿಕೊಳ್ಳುತ್ತದೆ. ಸದ್ಯಕ್ಕೆ ಒರಳುಕಲ್ಲೇ ಗತಿ.